ಜೊತೆಯ ಪೇಷಂಟ್ ತೀರಿಕೊಂಡಾಗ: ಅವರನ್ನೂ ಅವರ ಬರಹವನ್ನೂ ಕಾಯುವ ಬಗೆ

ಆಸ್ಪತ್ರೆಯಲ್ಲಿ ಪರಿಚಯವಾದವರು ತೀರಿಕೊಂಡರೆ ನಮಗೆ ಸೂತಕವಿಲ್ಲ. ಕೆಲಸಕ್ಕೆ ರಜೆ ಕೇಳಿದರೆ "ಅವರು ನಿಮಗೆ ಏನಾಗಬೇಕು?" ಅನ್ನುತ್ತಾರೆ. ಏನೂ ಆಗಬೇಕಾಗಿಲ್ಲ. ಆದರೆ ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದವರು ಅವರೇ. ಅಂಥವರು ಹೋದಾಗ, ಅದರಲ್ಲೂ ತಮ್ಮ ಕಾಯಿಲೆಯ ಬಗ್ಗೆ ಬರೆಯುತ್ತಿದ್ದವರು ಹೋದಾಗ, ಇನ್ನೂ ಚಿಕಿತ್ಸೆಯಲ್ಲಿರುವವರು ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ನಾನು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

ನನ್ನದು ನಾಲಗೆಯ ಕ್ಯಾನ್ಸರ್. ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಾಲಗೆಯ ಎಡಭಾಗ ತೆಗೆದು, ಮಣಿಕಟ್ಟಿನ ಹತ್ತಿರದ ಚರ್ಮ ತಂದು ಅಲ್ಲಿಗೆ ಹೊಲಿದಿದ್ದಾರೆ. ನಾವೆಲ್ಲ 'ಟೀಚರ್' ಅನ್ನುತ್ತಿದ್ದವರು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಅವರದು ಸ್ತನ ಕ್ಯಾನ್ಸರ್. ಡೊಂಬಿವಲಿಯಿಂದ ಹೊರಡುವ ಲೋಕಲ್ ರೈಲಿನ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ಪೇಷಂಟುಗಳಾದ ನಮಗೂ ಜಾಗ ಉಂಟು. ಅಲ್ಲಿ ಪರಿಚಯವಾಗಿ, ಪರೇಲಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ವರೆಗೂ ಒಟ್ಟಿಗೆ ಹೋಗುತ್ತಿದ್ದೆವು.

ಆಪರೇಷನ್ ಆದಮೇಲೆ ನನಗೆ ಟ, ಡ, ಣ, ಳ ಹೊರಡುತ್ತಿರಲಿಲ್ಲ. ನಾಲಗೆಯ ತುದಿ ಮೇಲಕ್ಕೆ ಮಡಚಿದರೆ ತಾನೇ ಅವು ಬರುವುದು. ಸ್ಪೀಚ್ ಥೆರಪಿಯಲ್ಲಿ ಕೊಟ್ಟ ಹಾಳೆ ಹಿಂದಿಯಲ್ಲಿತ್ತು. ಟೀಚರ್ ಅದನ್ನೊಮ್ಮೆ ನೋಡಿ, ಟಿಕೆಟ್ ಇಡುವ ಪರ್ಸಿನಿಂದ ಪೆನ್ಸಿಲ್ ತೆಗೆದು ಹಾಳೆಯ ಹಿಂದೆ ಬರೆದುಕೊಟ್ಟರು: "ಬೆಳಿಗ್ಗೆ ಮಳೆ, ಅಡುಗೆಮನೆಯಲ್ಲಿ ಗಡಿಬಿಡಿ, ಬಾಳೆಲೆಯಲ್ಲಿ ಇಡ್ಲಿ." ಠಾಣೆ ದಾಟುವವರೆಗೂ ಅದನ್ನೇ ಹೇಳಿಸಿದರು. ಆಮೇಲೆ ವಾಕ್ಯಗಳ ಬದಲು ತಾವು ಬರೆದ ಪುಟಗಳನ್ನೇ ಓದಿಸತೊಡಗಿದರು. ಹಾಗಾಗಿ ಅವರ ಬರಹ ನನಗೆ ಕಣ್ಣಿಗಿಂತ ಮೊದಲು ಬಾಯಿಗೆ ಪರಿಚಯ.

ಸುದ್ದಿ ಬಂದಾಗ ಮೊದಲು ನೋಡಿಕೊಳ್ಳಬೇಕಾದ್ದು ನಿಮ್ಮ ಮೈಯನ್ನು. ಇದು ಸ್ವಾರ್ಥ ಅಂತ ಅನ್ನಿಸಬಹುದು, ಆದರೂ ಹೇಳುತ್ತೇನೆ. ಕೀಮೋ ನಡೆಯುತ್ತಿದ್ದರೆ, ಸಾಮಾನ್ಯವಾಗಿ ಡೋಸ್ ಆದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳ ಕೌಂಟ್ ತೀರಾ ಇಳಿದಿರುತ್ತದೆ. ಆಗ ಜನ ತುಂಬಿದ ಮನೆಗೂ ಸ್ಮಶಾನಕ್ಕೂ ಹೋಗಬೇಡಿ. ಫೋನ್ ಮಾಡಿ, ಕೌಂಟ್ ಏರಿದ ಮೇಲೆ ಮನೆಗೆ ಹೋಗಿ. ಹೋಗಲೇಬೇಕೆಂದರೆ ಡಾಕ್ಟರನ್ನು ಕೇಳಿ, ಮಾಸ್ಕ್ ಹಾಕಿ, ಬಾಗಿಲ ಹತ್ತಿರ ನಿಂತು ಬನ್ನಿ. ಬಂದಮೇಲೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ರೇಡಿಯೇಷನ್ ನಡೆಯುತ್ತಿದ್ದರೆ ಒಂದು ದಿನವೂ ತಪ್ಪಿಸಬೇಡಿ. ನನ್ನಂಥ ಬಾಯಿ–ಕುತ್ತಿಗೆಯ ಕ್ಯಾನ್ಸರಿನಲ್ಲಿ ನಡುವೆ ಬಿಡುವು ಬಿದ್ದರೆ ಉಳಿದ ಕೋಶಗಳು ಮತ್ತೆ ಬೆಳೆಯಲು ಸಮಯ ಸಿಗುತ್ತದೆ. ಟೀಚರ ಉತ್ತರಕ್ರಿಯೆಯ ದಿನವೇ ನನಗೆ ಸ್ಕ್ಯಾನ್ ಇತ್ತು. ನಾನು ಸ್ಕ್ಯಾನಿಗೆ ಹೋದೆ. ಅವರಿದ್ದಿದ್ದರೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು.

ಇನ್ನು ಹೆದರಿಕೆ. ಮುಂದಿನ ಸರದಿ ನನ್ನದೇ ಅನ್ನುವ ಯೋಚನೆ ದುಃಖದ ಬೆನ್ನಿಗೇ ಬರುತ್ತದೆ, ಅದನ್ನು ತಡೆಯಲಾಗದು. ಆದರೆ ಅವರ ಕಾಯಿಲೆಯ ದಾರಿ ನಿಮ್ಮದಲ್ಲ. ಟೀಚರದು ಟ್ರಿಪಲ್ ನೆಗೆಟಿವ್. ಅಂದರೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳೂ (ರಿಸೆಪ್ಟರ್) ಹರ್-2 ಪ್ರೋಟೀನಿನ ಹೆಚ್ಚಳವೂ ಆ ಗಡ್ಡೆಯಲ್ಲಿರುವುದಿಲ್ಲ. ಹಾಗಾಗಿ ಹಾರ್ಮೋನ್ ಮಾತ್ರೆಯಾಗಲಿ ಹರ್-2ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧಿಯಾಗಲಿ ಅವರಿಗೆ ಕೆಲಸ ಮಾಡುತ್ತಿರಲಿಲ್ಲ. ಸ್ತನ ಕ್ಯಾನ್ಸರೇ ಇರುವ ಇನ್ನೊಬ್ಬ ಹೆಂಗಸಿನ ಲೆಕ್ಕ ಪೂರ್ತಿ ಬೇರೆ ಇರಬಹುದು, ನಾಲಗೆಯದಂತೂ ಬೇರೆಯೇ. ನಿಮ್ಮ ಫೈಲಿನಲ್ಲಿರುವ ವಿಧ, ಹಂತ ಎರಡನ್ನೂ ಒಂದು ಚೀಟಿಯಲ್ಲಿ ಬರೆದು, ಮುಂದಿನ ಭೇಟಿಯಲ್ಲಿ "ಅವರಿಗೆ ಹೀಗಾಯಿತು, ನನಗೆ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಎರಡು ವಾರವಾದರೂ ನಿದ್ದೆ, ಊಟ ಸೇರದಿದ್ದರೆ ಅದನ್ನೂ ಹೇಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮನಸ್ಸಿನ ಡಾಕ್ಟರೂ ಇರುತ್ತಾರೆ.

ಮನೆಯವರ ಹತ್ತಿರ ಏನು ಮಾತಾಡುವುದು? ಕಡಿಮೆ. ಇಂಥ ಕಷಾಯ ಕೊಟ್ಟಿದ್ದಿರಾ, ಮೊದಲೇ ಯಾಕೆ ತೋರಿಸಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳಲೇಬೇಡಿ. "ಕ್ಯಾನ್ಸರ್ ವಿರುದ್ಧ ಹೋರಾಡಿ ಸೋತರು" ಎಂಬ ಮಾತು ಬ್ಯಾನರಿನಲ್ಲಿ, ಪೇಪರಿನ ಶ್ರದ್ಧಾಂಜಲಿಯಲ್ಲಿ ಬರದಂತೆ ನೋಡಿಕೊಳ್ಳಿ. ಟೀಚರ್ ಈ ಬಗ್ಗೆ ಒಂದು ಪುಟವನ್ನೇ ಬರೆದಿದ್ದರು. ತಾನು ಯುದ್ಧಕ್ಕೆ ಹೋಗಿಲ್ಲ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಅದು ಕೆಲಸ ಮಾಡದೆ ಹೋದರೆ ಸೋತದ್ದು ಔಷಧಿಯೇ ಹೊರತು ತಾನಲ್ಲ ಎಂದು. ಬರೆಯುವವರು ತಮ್ಮನ್ನು ಹೇಗೆ ಕರೆಯಬಾರದು ಎಂದು ಬರೆದಿಟ್ಟಿದ್ದರೆ ಅದನ್ನು ಪಾಲಿಸುವುದೇ ಮೊದಲ ಮರ್ಯಾದೆ. ಮಗಳ ಹತ್ತಿರ ನಾನು ಹೇಳಿದ್ದು ರೈಲಿನಲ್ಲಿ ಇಡ್ಲಿ–ಬಾಳೆಲೆ ಹೇಳಿಸಿದ ಕತೆ ಒಂದನ್ನೇ. ಆಕೆಗೆ ಅದು ಗೊತ್ತಿರಲಿಲ್ಲ. ಪೆನ್ಸಿಲ್ ಯಾವ ಬಣ್ಣದ್ದು ಅಂತ ಕೇಳಿದಳು. ನೀವೂ ಮನೆಯವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಕೊಡಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರಮ್ಮ ಹೇಗಿದ್ದರು ಅನ್ನುವುದನ್ನು ಕಂಡವರು ನಾವು ಮಾತ್ರ.

ಮನೆಯಲ್ಲಿ ಮಾರ್ಫಿನ್ ಮಾತ್ರೆ ಉಳಿದಿದ್ದರೆ ಕೊಟ್ಟ ಆಸ್ಪತ್ರೆಗೇ ಮರಳಿಸಲು ಹೇಳಿ. ಬೇರೆ ಪೇಷಂಟಿಗೆ ಕೊಡುವುದು ಬೇಡ, ಉಪಕಾರವೆಂದು ತೋರಿದರೂ.

ಈಗ ಬರಹದ ವಿಷಯ. ನನಗೆ ಇದೇ ಮುಖ್ಯ. ಟೀಚರು ಸಂಘದ ಮಾಸಪತ್ರಿಕೆಗೆ ಬರೆದದ್ದು ಸ್ವಲ್ಪ, ನೋಟ್‌ಬುಕ್ಕುಗಳಲ್ಲಿ ಉಳಿದದ್ದು ಬಹಳ, ಕೊನೆಗೆ ಕೈ ಸೋತ ಮೇಲೆ ನಮಗೆ ವಾಟ್ಸಾಪಿನಲ್ಲಿ ಕಳಿಸಿದ ಧ್ವನಿ ಸಂದೇಶಗಳು ಇನ್ನಷ್ಟು. ಮೊದಲು ಮನೆಯವರ ಒಪ್ಪಿಗೆ ಕೇಳಿ. ಹದಿಮೂರು ದಿನ ಕಳೆಯುವ ಮೊದಲು ಕೇಳಬೇಡಿ, ಆದರೆ ಮನೆ ಖಾಲಿ ಮಾಡುವ, ರದ್ದಿಗೆ ಹಾಕುವ ಸಮಯಕ್ಕಿಂತ ಮುಂಚೆ ಕೇಳಿ. ಮುಂಬಯಿಯ ಮನೆಗಳಲ್ಲಿ ಕಪಾಟಿನ ಒಂದು ಖಾನೆ ಎಂದರೆ ದೊಡ್ಡ ಜಾಗ, ನೋಟ್‌ಬುಕ್ಕು ಬಹಳ ದಿನ ಉಳಿಯುವುದಿಲ್ಲ. ನಿಮ್ಮ ಫೋನಿನ ಸಂದೇಶಗಳನ್ನು ಅಂದೇ ಉಳಿಸಿಡಿ: ವಾಟ್ಸಾಪಿನಲ್ಲಿ ಆ ಚಾಟ್ ತೆರೆದು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಮೀಡಿಯಾ ಸಮೇತ ನಿಮಗೇ ಈಮೇಲ್ ಮಾಡಿಕೊಳ್ಳಿ. ನೋಟ್‌ಬುಕ್ಕಿನ ರಟ್ಟಿನಿಂದ ಹಿಡಿದು ಪ್ರತಿ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ ಬಿಡಬೇಡಿ. ಕಿಟಕಿಯ ಬೆಳಕು ಒಳ್ಳೆಯದು, ಫ್ಲಾಶ್ ಹಾಕಿದರೆ ಪೆನ್ಸಿಲ್ ಅಕ್ಷರ ಹೊಳೆದು ಮಾಯವಾಗುತ್ತದೆ.

ತಿದ್ದಬೇಡಿ. ಕಂಕುಳಿನ ಗಂಟುಗಳನ್ನು (ಲಿಂಫ್ ನೋಡ್) ತೆಗೆದ ಮೇಲೆ ಟೀಚರ ಬಲಗೈ ಊದುತ್ತಾ ಬಂತು. ಅವರ ಅಕ್ಷರ ದೊಡ್ಡದಾಯಿತು, ಒತ್ತಕ್ಷರಗಳು ಕೆಳಗಿನ ಗೆರೆಗೆ ಇಳಿದವು, ಕೆಲವು ಕಡೆ ದೀರ್ಘವೇ ಇಲ್ಲ. ನಲವತ್ತು ಮಕ್ಕಳ ಕಾಪಿ ತಿದ್ದಿದ ಕೈ ಅದು. ಟೈಪ್ ಮಾಡುವಾಗ ಓದುವವರ ಅನುಕೂಲಕ್ಕೆ ಕಾಗುಣಿತ ಸರಿಪಡಿಸಬಹುದು, ಆದರೆ ಮೂಲ ಪುಟದ ಚಿತ್ರ ಜೊತೆಗಿರಲಿ. ಸಿಟ್ಟಿನ ಪುಟಗಳನ್ನೂ ತೆಗೆಯಬೇಡಿ. ದೇವರ ಮೇಲೆ, ನೋಡಲು ಬಂದು ಸೀರೆಯ ಬಗ್ಗೆ ಮಾತಾಡಿ ಹೋದ ನೆಂಟರ ಮೇಲೆ ಅವರು ಬರೆದದ್ದಿದೆ. ಅಚ್ಚು ಹಾಕಬೇಕೋ ಬೇಡವೋ ಮಗಳು ತೀರ್ಮಾನಿಸಲಿ, ಹರಿಯುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ: ಬೇರೆ ಪೇಷಂಟುಗಳ ಹೆಸರು ಬಂದಲ್ಲಿ ಅವರನ್ನು ಕೇಳದೆ ಹೊರಗೆ ಬಿಡಬಾರದು. ಎಷ್ಟೋ ಮಂದಿ ಮದುವೆಗೆ ಬಂದ ಮಗಳಿಗಾಗಿ, ಕೆಲಸಕ್ಕಾಗಿ ತಮ್ಮ ಕಾಯಿಲೆಯನ್ನು ಮುಚ್ಚಿಟ್ಟಿರುತ್ತಾರೆ. ಸಂಗ್ರಹ ಒಂದು ರೂಪಕ್ಕೆ ಬಂದರೆ ಪ್ರತಿಯೊಂದನ್ನು ಕಲಿನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲೋ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ.

ಶ್ರದ್ಧಾಂಜಲಿ ಸಭೆ ಇಟ್ಟರೆ ಭಾಷಣ ಕಡಿಮೆ ಮಾಡಿಸಿ, ಅವರ ಪುಟವನ್ನು ಓದಿಸಿ. ಒಂದೇ ಪುಟ ಸಾಕು. ಸಾವಿನ ಬಗ್ಗೆ ಬರೆದದ್ದನ್ನು ಆರಿಸಬೇಡಿ, ಬದುಕುವ ಕೆಲಸದ ಬಗ್ಗೆ ಬರೆದದ್ದನ್ನು ಆರಿಸಿ. ನಾವು ಆರಿಸಿದ್ದು ಗಂಜಿಯ ಪುಟ. ಕೀಮೋ ಆದಮೇಲೆ ಬಾಯಿಗೆ ಎಲ್ಲವೂ ಲೋಹದ ರುಚಿ, ಆಗ ಟೀಚರ್ ಸ್ಟೀಲ್ ತಟ್ಟೆ–ಚಮಚ ಎತ್ತಿಟ್ಟು, ಪಿಂಗಾಣಿ ಬಟ್ಟಲಲ್ಲಿ ಮರದ ಚಮಚದಿಂದ ಗಂಜಿ ಉಂಡು, ನೆಂಚಿಕೊಳ್ಳಲು ಏನೇನು ಹಿಡಿಸಿತು ಎಂದು ಬರೆದಿದ್ದಾರೆ. ಓದಲು ಸ್ಪಷ್ಟ ಉಚ್ಚಾರದವರು ಬೇಕು ಎಂದು ಸಭೆಯ ಒಬ್ಬ ಹಿರಿಯರು ಅಭಿಪ್ರಾಯಪಟ್ಟರು. ನಾನೇ ಓದುತ್ತೇನೆ ಎಂದೆ, ಓದಿದೆ. ಆ ಪುಟದ ತುಂಬ ಳ–ಡ ಇದ್ದವು, ಕೆಲವು ಬಂದವು, ಕೆಲವು ಬರಲಿಲ್ಲ. ಯಾರಿಗೂ ಅರ್ಥವಾಗದ ಮಾತು ಒಂದೂ ಇರಲಿಲ್ಲ. ಜೊತೆಯ ಪೇಷಂಟು ಓದುವುದಾದರೆ ಅವರ ಸ್ವರ ಹೇಗಿದ್ದರೂ ಅವರಿಗೇ ಬಿಡಿ.

ಟೀಚರ್ ನಮಗೆಲ್ಲ ಹೇಳುತ್ತಿದ್ದ ಪಾಠ ಒಂದಿತ್ತು. ನಾವು ಹೋಗುವ ಆಸ್ಪತ್ರೆಯ ಹಿಂದೆಯೇ ಒಂದು ಶೋಕವಿದೆ. ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, ಮರುವರ್ಷ ಗಂಡ ದೊರಾಬ್ಜಿ ಟಾಟಾ ಅವರೂ ಹೋದರು. ದೊರಾಬ್ಜಿಯವರ ಹೆಸರಿನ ಟ್ರಸ್ಟು ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. ನಮ್ಮ ಕೈಯಲ್ಲಿ ಆಸ್ಪತ್ರೆ ಕಟ್ಟಲಾಗದು. ಗಂಜಿಯ ಪುಟವನ್ನು ಜೆರಾಕ್ಸ್ ಮಾಡಿಸಬಹುದು. ನಾನು ಅದನ್ನು ಫೈಲಿನಲ್ಲಿಟ್ಟುಕೊಂಡು ಹೋಗುತ್ತೇನೆ.

ಹೊಸಬರಿಗೆ ಕೊಡುವಾಗ ಅವರ ಮುಖ ನೋಡಿ ಕೊಡಿ. ಕನ್ನಡ ಓದಲು ಬಾರದ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಓದಿ ಹೇಳಿ. ಮೊದಲು ಊಟದ ಪುಟ, ಆಮೇಲೆ ಕೂದಲಿನದು, ಕೈ ಊತಕ್ಕೆ ಮಾಡುವ ವ್ಯಾಯಾಮದ್ದು. "ಬರೆದವರು ಈಗ ಹೇಗಿದ್ದಾರೆ?" ಎಂದು ಕೇಳಿದರೆ ಸುಳ್ಳು ಹೇಳಬೇಡಿ. ತೀರಿಕೊಂಡರು ಅನ್ನಿ, ಅವರದು ಯಾವ ವಿಧ ಎಂದು ಹೇಳಿ, ನಿಮ್ಮದು ಯಾವುದು ಎಂದು ಕೇಳಿ. ಕೊನೆಯ ನೋಟ್‌ಬುಕ್ಕು ಮಾತ್ರ ಅವರಾಗಿ ಕೇಳಿದ ಮೇಲೆ ಕೊಡಿ.