ಕುಷ್ಠ ವಾಸಿಯಾದವರ ಮನೆಗೆ ಹೋಗುವಾಗ

ಮಾರ್ಕನ ಸುವಾರ್ತೆ 1:41 ಓದಿ ನೋಡಿ. ಯೇಸು ಕುಷ್ಠವಿದ್ದವನನ್ನು ಕೈಚಾಚಿ ಮುಟ್ಟಿದ್ದು ಮೊದಲು, ‘ಶುದ್ಧನಾಗು’ ಎಂದದ್ದು ಆಮೇಲೆ. ಚರ್ಚಿನಿಂದ ಭೇಟಿಗೆ ಹೋಗುವವರೂ ಇದೇ ಕ್ರಮ ಹಿಡಿಯಿರಿ: ಹೊಸ್ತಿಲಾಚೆ ನಿಲ್ಲದೆ ಒಳಗೆ ಹೋಗಿ, ಕೈ ಹಿಡಿದು ಮಾತಾಡಿಸಿ, ಕೊಟ್ಟ ಚಹಾ ಅವರದೇ ಲೋಟದಲ್ಲಿ ಕುಡಿಯಿರಿ. ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಎಂಡಿಟಿ (ಕುಷ್ಠಕ್ಕೆ ಕೊಡುವ ಹಲವು ಔಷಧಿಗಳ ಸಂಯುಕ್ತ ಚಿಕಿತ್ಸೆ) ಮಾತ್ರೆಯನ್ನು 6 ಅಥವಾ 12 ತಿಂಗಳು ಪೂರ್ತಿ ತೆಗೆದುಕೊಂಡವರಿಂದ ರೋಗ ಹರಡುವುದಿಲ್ಲ. ‘ಕುಷ್ಠರೋಗಿ’ ಎನ್ನಬೇಡಿ, ಹೆಸರು ಹಿಡಿದು ಕರೆಯಿರಿ.

ಬಿಸ್ಕತ್ತು ಕೊಟ್ಟು ಫೋಟೊ ತೆಗೆದುಕೊಂಡು ಬರುವುದು ಸುಲಭ. ಕಾಲಿನ ಆರೈಕೆಗೆ ಅರ್ಧ ಗಂಟೆ ಕೂರುವುದೇ ಕೆಲಸ. ಟಬ್ಬಿನಲ್ಲಿ ಬಿಸಿಯಲ್ಲದ ನೀರು ಹಾಕಿ. ನೀರು ಅವರ ಕೈಯಿಂದ ನೋಡಿಸಬೇಡಿ, ಸ್ಪರ್ಶಜ್ಞಾನ ಇರದ ಬೆರಳು ಸುಟ್ಟರೂ ತಿಳಿಯದು. ಪಾದ 20 ನಿಮಿಷ ನೆನೆಯಲಿ. ದಡ್ಡುಗಟ್ಟಿದ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿ. ಬ್ಲೇಡು ಖಂಡಿತ ಬೇಡ. ತೇವ ಆರುವ ಮುನ್ನ ಕೊಬ್ಬರಿ ಎಣ್ಣೆ ಸವರಿ, ಇಲ್ಲದಿದ್ದರೆ ಚರ್ಮ ಒಣಗಿ ಬಿರಿಯುತ್ತದೆ.

ಚಪ್ಪಲಿ ತಿರುಗಿಸಿ ನೋಡಿ. ಒಳಗೆ ಮೊಳೆ, ಮುಳ್ಳು, ಹರಳು ಇದ್ದರೂ ಅವರಿಗೆ ಗೊತ್ತಾಗಿರುವುದಿಲ್ಲ. ಕೊಡಿಸುವುದಾದರೆ ಮೊಳೆಯಿಲ್ಲದ, ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಕೊಡಿಸಿ.

ಗಾಯ ಕಂಡರೆ ಮುಲಾಮಿಗಿಂತ ವಿಶ್ರಾಂತಿ ಮುಖ್ಯ. ನೋವಿಲ್ಲವೆಂದು ನಡೆದೇ ಗಾಯ ಆಳಕ್ಕಿಳಿಯುತ್ತದೆ. ಹಾಗಾಗಿ ಆ ವಾರದ ರೇಷನ್, ನೀರು ನೀವು ತಂದುಕೊಡಿ. ಬಾವು, ವಾಸನೆ, ಜ್ವರ ಇದ್ದರೆ ಅಂದೇ ಆಸ್ಪತ್ರೆಗೆ, ಜೊತೆಗೆ ನೀವೂ.

ಭಾನುವಾರ ಅವರಿಗೆ ಬೇರೆ ಬೆಂಚು ಹಾಕಬೇಡಿ.