ಹೆಂಡ್ತಿ ಸಂಬಳ ಬಚ್ಚಿಡದೇನೇ ನನ್ನ ರೀಪೇಮೆಂಟ್ ಪ್ಲ್ಯಾನ್ ಪಾಸಾಯ್ತು

ಪೀಣ್ಯದಲ್ಲಿ ಕಂಪನಿ ಮುಚ್ಚಿ, ಅದರ ಸಾಲಕ್ಕೆ ಹಾಕಿದ ಪರ್ಸನಲ್ ಗ್ಯಾರಂಟಿಗೆ ಸಿಕ್ಕಾಕ್ಕೊಂಡಿರೋರು ಸುಮಾರು ಜನ ಇದೀರ, ನಿಮಗೇ ಬರೀತಿರೋದು. ನನ್ನ ಮೇಲೆ ಬಂದ ಸಾಲ ಬಡ್ಡಿ ಸೇರಿ ಹತ್ರಹತ್ರ 1.4 ಕೋಟಿ. ಓಟಿಎಸ್‌ಗೆ (ಒಂದೇ ಸಲ ಕೊಟ್ಟು ಸಾಲ ಮುಗಿಸೋ ಒಪ್ಪಂದ) ವರ್ಷಗಟ್ಟಲೆ ಓಡಾಡಿದ್ರೂ ಆಗ್ಲಿಲ್ಲ, ಕೊನೆಗೆ ಕಂತಲ್ಲಿ ತೀರಿಸೋ ರೀಪೇಮೆಂಟ್ ಪ್ಲ್ಯಾನ್ ಒಪ್ಪಿಸೋಕೆ ನಾನೇ ಎನ್‌ಸಿಎಲ್‌ಟಿಗೆ (ಕಂಪನಿ ಕೇಸು ನೋಡೋ ಟ್ರಿಬ್ಯೂನಲ್) 94 ಹಾಕ್ದೆ, ಅಂದ್ರೆ ದಿವಾಳಿ ಕಾಯ್ದೆ ಸೆಕ್ಷನ್ 94ರಲ್ಲಿ ಸಾಲಗಾರನೇ ಹಾಕೋ ಅರ್ಜಿ. ಫೀಸು ಬರೀ 2,000, ಆದ್ರೆ ವಕೀಲ್ರು, ಆರ್‌ಪಿ (ಕೇಸು ನಡೆಸೋ ರೆಸಲ್ಯೂಷನ್ ಪ್ರೊಫೆಷನಲ್), ಪೇಪರ್ ನೋಟಿಸು ಅಂತ ನಾಲ್ಕು ಲಕ್ಷದ ಹತ್ರ ಹೋಯ್ತು. ಅರ್ಜಿ ನಡೀತಿರುವಾಗ್ಲೇ ನಮ್ಮನೆಯವ್ಳಿಗೆ ಒಂದು ಸ್ಕೂಲಲ್ಲಿ ಅಕೌಂಟ್ಸ್ ಕೆಲ್ಸ ಸಿಕ್ತು, ಕೈಗೆ 42 ಸಾವಿರ.

ಅವತ್ತಿಂದ ಶುರು ಸಲಹೆ. ಭಾಮೈದ ಫೋನ್ ಮಾಡಿ "ಭಾವ, ಅಕ್ಕನ ಸಂಬಳ ಕ್ಯಾಶಲ್ಲಿ ತಗೊಳಕ್ಕೆ ಹೇಳಿ, ಇಲ್ಲಾಂದ್ರೆ ಬ್ಯಾಂಕಿನವ್ರು ಅದನ್ನೂ ಎಳ್ಕೋತಾರೆ" ಅಂದ. ಪೀಣ್ಯದ ಫ್ರೆಂಡ್ಸು ಆರ್ಡರ್ ಬರೋವರ್ಗೂ ಕೆಲ್ಸಕ್ಕೇ ಸೇರಿಸ್ಬೇಡ ಅಂದ್ರು. ನಾನು ಒಪ್ಪಲಿಲ್ಲ. ಆರ್‌ಪಿಗೆ ಸುಳ್ಳು ಮಾಹಿತಿ ಕೊಟ್ರೆ ಅದೇ ಕಾಯ್ದೆ ಸೆಕ್ಷನ್ 184ರಲ್ಲಿ ಒಂದು ವರ್ಷದವರ್ಗೂ ಜೈಲು, 5 ಲಕ್ಷದವರ್ಗೂ ದಂಡ ಹಾಕ್ಬೋದು, ಅದಕ್ಕಿಂತ ಮುಖ್ಯ ನನ್ನ ಪ್ಲ್ಯಾನ್ ನಿಲ್ತಿದ್ದಿದ್ದೇ ಅವಳ ಸಂಬಳದ ಮೇಲೆ.

ಒಂದು ವಿಷ್ಯ ಮೊದ್ಲೇ ನೋಡ್ಕೊಳ್ಳಿ, ಹೆಂಡ್ತಿ ಗ್ಯಾರಂಟಿಗೆ ಸೈನ್ ಹಾಕಿದಾರಾ ಅಂತ. ಹಾಕಿದ್ರೆ ಕಥೆನೇ ಬೇರೆ, ನಾನು ಹೇಳೋದು ನಡೆಯಲ್ಲ. ನಮ್ಮವ್ಳು ಹಾಕಿರ್ಲಿಲ್ಲ, ಡೈರೆಕ್ಟರೂ ಆಗಿರ್ಲಿಲ್ಲ, ಹಂಗಾಗಿ ಅವಳ ಸಂಬಳ ಅವಳದೇ. ಅಕೌಂಟ್ ಮಾತ್ರ ಅವಳೊಬ್ಬಳ ಹೆಸ್ರಲ್ಲಿ, ಸಾಲ ಇಲ್ದಿರೋ ಬೇರೆ ಬ್ಯಾಂಕಲ್ಲಿ ಮಾಡ್ಸಿದ್ವಿ. ಗೆಳೆಯನೊಬ್ನ ಹೆಂಡ್ತಿ ಸಂಬಳ ಜಾಯಿಂಟ್ ಅಕೌಂಟಿಗೆ ಬಿದ್ದು ಸಾಲ ಕೊಟ್ಟ ಬ್ಯಾಂಕೇ ಲೀನ್ ಹಾಕಿ (ದುಡ್ಡು ತೆಗೆಯದ ಹಾಗೆ ತಡೆದು) ಕೂತಿತ್ತು, ಬಿಡಿಸ್ಕೊಳೋಕೆ ತಿಂಗಳುಗಟ್ಟಲೆ ಆಯ್ತು.

ಈಗ ಲೆಕ್ಕ. ನನ್ನ ಸಂಬಳ ಬೊಮ್ಮಸಂದ್ರದಲ್ಲಿ ಸುಮಾರು 55 ಸಾವಿರ, ಮನೆ ಖರ್ಚು 52, ಅಂದ್ರೆ ಬ್ಯಾಂಕಿಗೆ ತಿಂಗಳಿಗೆ 3 ಸಾವಿರ. ಯಾವ ಬ್ಯಾಂಕು ಒಪ್ಪುತ್ತೆ? ರೂಲ್ಸ್ ಪ್ರಕಾರ ಪ್ಲ್ಯಾನಲ್ಲಿ ಮಿನಿಮಮ್ ಬಜೆಟ್ (ಮನೆ ನಡೆಸೋಕೆ ಬೇಕಾದಷ್ಟು ದುಡ್ಡು) ಬಿಡ್ಬೇಕು, ನಮಗೂ ನಮ್ಮ ಫ್ಯಾಮಿಲಿಗೂ, ಆದ್ರೆ ಅವ್ರು ನಮ್ಮ ಮೇಲೆ ಎಷ್ಟು ಡಿಪೆಂಡ್ ಆಗಿದಾರೋ ಅಷ್ಟಕ್ಕೆ ಮಾತ್ರ. ದುಡಿಯೋ ಹೆಂಡ್ತಿ ಆ ಬಜೆಟಲ್ಲಿ ಪೂರ್ತಿ ಡಿಪೆಂಡೆಂಟ್ ಅಲ್ಲ. ಇದನ್ನೇ ಹಿಡ್ಕೊಂಡು ಬ್ಯಾಂಕಿನವ್ರು ಸಾಲ ಕೊಟ್ಟವ್ರ ಮೊದಲನೇ ಮೀಟಿಂಗಲ್ಲಿ ಮನೆ ಪೂರ್ತಿ ನಿಮ್ಮ ಹೆಂಡ್ತಿನೇ ನಡೆಸ್ಲಿ, ನಿಮ್ಮ 55ನೂ ನಮಗೆ ಕೊಡಿ ಅಂತ ಪಟ್ಟು ಹಿಡಿದ್ರು, ಮೀಟಿಂಗ್ ಮುಂದಕ್ಕೆ ಹೋಯ್ತು. ಪ್ಲ್ಯಾನ್ ಪಾಸಾಗೋಕೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ವೋಟು ಬೇಕು, ಅದೂ ಸಾಲದ ವ್ಯಾಲ್ಯೂ ಲೆಕ್ಕದಲ್ಲಿ, ಆ ಒಂದೇ ಬ್ಯಾಂಕಿನ ಕೈಲಿ 80 ಪರ್ಸೆಂಟ್ ಮೇಲಿತ್ತು. ಚೀಟಿ ಎತ್ತಿ ನಮ್ಮವ್ಳು ಕಂಪನಿಗೆ ಹಾಕೋಕೆ ನನಗೆ ಕೊಟ್ಟಿದ್ದ 6 ಲಕ್ಷಕ್ಕೆ ವೋಟಿಲ್ಲ, ಕಾನೂನಲ್ಲಿ ಹೆಂಡ್ತಿ ಅಸೋಸಿಯೇಟ್, ಅಂದ್ರೆ ಸಾಲಗಾರನ ಹತ್ರದವ್ರ ಲೆಕ್ಕ.

ನಾನು ಖರ್ಚನ್ನ ಇಬ್ಬರ ಸಂಬಳದ ಅನುಪಾತಕ್ಕೆ ಹಂಚ್ದೆ. ಮಕ್ಕಳು ಇಬ್ಬರಿಗೂ ಸೇರಿದವ್ರು ತಾನೇ, ಅವಳ ಪಾಲು 22 ಚಿಲ್ಲರೆ, ನಂದು 30ರ ಹತ್ರ. ನನ್ನ ಸಂಬಳದಲ್ಲಿ 25 ಸಾವಿರ ಉಳೀತು, ಐದು ವರ್ಷಕ್ಕೆ 15 ಲಕ್ಷ. ನೆಲಮಂಗಲದ ಸೈಟು 38 ಲಕ್ಷ, ಲೀಸ್ ಮನೆಗೆ ಬಾಡಿಗೆ ಬದ್ಲು ಒಟ್ಟಿಗೆ ಕೊಟ್ಟಿರೋ ದುಡ್ಡು 9, ಒಟ್ಟು 62 ಲಕ್ಷ. ಅವಳ ಸಂಬಳದಲ್ಲಿ ಉಳಿಯೋ ದುಡ್ಡಿಗೆ ಒಂದು ರೂಪಾಯಿನೂ ಕೈ ಹಾಕ್ಲಿಲ್ಲ. ಸ್ಕೂಲ್ ಫೀಸು, ಅಮ್ಮನ ಮಾತ್ರೆ, ಸಿಲಿಂಡರು, ಪ್ರತಿಯೊಂದಕ್ಕೂ ಬಿಲ್ ಇಟ್ಟಿದ್ದೆ. ಆ ಖರ್ಚಿನ ಲೆಕ್ಕದ ಶೀಟಿನ ಮೊದಲ ಪುಟದಲ್ಲಿ ಏನು ಹಾಕಿದ್ದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಅದನ್ನ ಕಂಡ್ಕೊಳೋಕೆ ನಾನು ಪಟ್ಟ ಪಾಡು ನಂಗೇ ಗೊತ್ತು. ಆರ್‌ಪಿನೇ "ಸಾರ್, ಇಷ್ಟು ನೀಟಾಗಿ ಯಾರೂ ತಂದುಕೊಟ್ಟಿಲ್ಲ" ಅಂದ್ರು.

ಲೀಸ್ ಬಗ್ಗೆ ಒಂದು ಮಾತು, ಇದು ನಮ್ಮ ಬೆಂಗಳೂರವ್ರಿಗೆಲ್ಲಾ ಬರೋ ತಲೆನೋವು. ಅಗ್ರಿಮೆಂಟ್ ನನ್ನ ಹೆಸ್ರಲ್ಲಿತ್ತು, ಹೆಂಡ್ತಿ ಹೆಸ್ರಿಗೆ ಮಾಡ್ಸು ಅಂತ ಎಷ್ಟೋ ಜನ ಹೇಳಿದ್ರು. ಬೇಡ್ವೇ ಬೇಡ, ನಾಳೆ ಪ್ಲ್ಯಾನ್ ಆಗ್ದೆ ಬ್ಯಾಂಕ್ರಪ್ಸಿಗೆ ಹೋದ್ರೆ ಹಿಂದಿನ ಎರಡು ವರ್ಷದ್ದೆಲ್ಲಾ ಕೆದಕ್ತಾರೆ. ಅದ್ರ ಬದ್ಲು ಒಂದು ಲೆಕ್ಕ ಹಾಕಿ ನೋಡ್ದೆ, ಈಗ್ಲೇ ಲೀಸ್ ಬಿಟ್ಟು 14 ಸಾವಿರದ ಬಾಡಿಗೆ ಮನೆಗೆ ಹೋದ್ರೆ ಐದು ವರ್ಷಕ್ಕೆ ಬಾಡಿಗೆನೇ 8 ಲಕ್ಷ ದಾಟುತ್ತೆ, ಖರ್ಚು ಏರಿ ಬ್ಯಾಂಕಿನ ಕಂತೇ ಇಳಿಯುತ್ತೆ. ಇದನ್ನ ತೋರಿಸಿದ್ಮೇಲೆ ಲೀಸ್ ದುಡ್ಡು ಕೊನೇ ಕಂತಲ್ಲಿ ಕೊಟ್ರೆ ಸಾಕು ಅಂತ ಬ್ಯಾಂಕಿನವ್ರೇ ಒಪ್ಪಿದ್ರು.

ಎರಡನೇ ಸಲ ವೋಟು ಬಿತ್ತು, ಆಮೇಲೆ ಆರ್ಡರೂ ಆಯ್ತು. ಅವಳ ಇಂಕ್ರಿಮೆಂಟಿಂದ ನನ್ನ ಕಂತು ಏರಬಾರ್ದು ಅಂತ ಪ್ಲ್ಯಾನಲ್ಲೇ ಒಂದು ಸಾಲು ಹಾಕ್ಸಿದೀನಿ, ನೀವೂ ಹಾಕ್ಸಿ. ಒಬ್ಬ ಸ್ಟೀಲ್ ಸಪ್ಲೈಯರ್ ಹಾಕಿರೋ ಚೆಕ್ ಬೌನ್ಸ್ ಕೇಸು ಮಾತ್ರ ಇನ್ನೂ ನಡೀತಿದೆ, 94 ಹಾಕಿದ ತಕ್ಷಣ ಬಂದ ಮೊರಟೋರಿಯಂ (ಸಾಲದ ಕೇಸುಗಳಿಗೆ ತಡೆ) ಚೆಕ್ ಬೌನ್ಸಿನ ಸೆಕ್ಷನ್ 138ಕ್ಕೆ ಅಡ್ಡ ಬರಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ, ಹಂಗಾಗಿ ಅದನ್ನ ಬೇರೇನೇ ಮಾತಾಡ್ತಿದೀವಿ.