ಮೊದಲ 12 ವಾರ: ಕೆಲಸದಲ್ಲಿ, ಮನೆಯಲ್ಲಿ ಏನು ಬದಲಿಸಬೇಕು

ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಹೇಳಬಾರದೆಂಬ ರೂಢಿ ನಮ್ಮಲ್ಲಿದೆ. ನೆಂಟರ ಮಟ್ಟಿಗೆ ಸರಿ, ಕೆಲಸದ ಜಾಗಕ್ಕೆ ಅದು ಹೊಂದುವುದಿಲ್ಲ. ಹತ್ತರಲ್ಲಿ ಎಂಟು ಗರ್ಭಪಾತ ಆಗುವುದು ಆ ಅವಧಿಯಲ್ಲೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್ ದೋಷ ಕಾರಣ. ಅಲ್ಲಿ ತಾಯಿಯ ತಪ್ಪೇನೂ ಇರುವುದಿಲ್ಲ. ನಮ್ಮ ಕೈಲಿರುವುದು ಉಳಿದ ಕೆಲವು ಕಾರಣಗಳು ಮಾತ್ರ.

ಪರೀಕ್ಷೆ ಪಾಸಿಟಿವ್ ಬಂದ ವಾರವೇ ವೈದ್ಯರ ಚೀಟಿ ಸಮೇತ ಎಚ್‌ಆರ್‌ಗೆ ಬರೆದು ಕೊಡಿ. ‘ಹಗುರ ಕೆಲಸ ಕೊಡಿ’ ಎಂದರೆ ಸಾಲದು, ಯಾವ ಕೆಲಸ ಆಗದು ಎಂದು ಹೆಸರಿಸಿ. ಗಾರ್ಮೆಂಟ್ಸ್‌ನಲ್ಲಾದರೆ ಸ್ಪ್ರೇ ಗನ್ನಿನಿಂದ ಬಟ್ಟೆಯ ಕಲೆ ತೆಗೆಯುವ ಟೇಬಲ್. ಅಲ್ಲಿನ ಸಾಲ್ವೆಂಟ್ ಆವಿ ಬಟ್ಟೆಯ ಮಾಸ್ಕಿಗೆ ಜಗ್ಗುವುದಿಲ್ಲ. ಡಬ್ಬಿಯ ಲೇಬಲ್ ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ನರ್ಸ್‌ಗಳಾದರೆ ಕೀಮೊಥೆರಪಿ ಔಷಧ ಕಲಸುವುದು, ಉಪಕರಣಗಳ ಕ್ರಿಮಿ ಕೊಲ್ಲಲು ಎಥಿಲೀನ್ ಆಕ್ಸೈಡ್ ಅನಿಲ ಬಳಸುವ ಸ್ಟೆರಿಲೈಸರ್. ಎಕ್ಸ್‌ರೇ ವಿಭಾಗದಲ್ಲಿ ಭ್ರೂಣಕ್ಕೆ ತಗಲುವ ವಿಕಿರಣಕ್ಕೆ 1 ಮಿಲಿಸೀವರ್ಟ್ (ವಿಕಿರಣದ ಅಳತೆ) ಮಿತಿ ಇದೆ, ಆದರೆ ನೀವು ತಿಳಿಸದೆ ಅದನ್ನು ಯಾರೂ ಪಾಲಿಸಲಾರರು.

ರಾತ್ರಿ ಪಾಳಿ ವಾರಕ್ಕೆ ಒಂದಕ್ಕಿಂತ ಹೆಚ್ಚು ಬೇಡ. 2019ರ ಡ್ಯಾನಿಶ್ ಅಧ್ಯಯನದಲ್ಲಿ, 8ನೇ ವಾರದ ನಂತರ ಒಂದೇ ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ದುಡಿದವರಿಗೆ ಮರುವಾರ ಗರ್ಭಪಾತದ ಅಪಾಯ ಶೇ 32ರಷ್ಟು ಹೆಚ್ಚಿತ್ತು.

ಕೊಟ್ಟಿಗೆ ಕೆಲಸದವರಿಗೆ ಇದನ್ನು ಹೇಳುವವರೇ ಕಡಿಮೆ: ಹಸು ಕಂದು ಹಾಕಿದರೆ ಅದರ ಮಾಸು, ಸತ್ತ ಕರು, ಒದ್ದೆಯಾದ ಹುಲ್ಲು ಯಾವುದನ್ನೂ ಬಸುರಿ ಮುಟ್ಟಬಾರದು. ಹಸುವಿನ ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಸೋಂಕು ಮನುಷ್ಯರಿಗೂ ಹರಡುತ್ತದೆ. ಹಸಿ ಹಾಲೂ ಬೇಡ, ಉಕ್ಕಿಸಿಯೇ ಕುಡಿಯಿರಿ.

ಮನೆಯಲ್ಲಿ ಕಡ್ಡಿಪುಡಿ, ಹೊಗೆಸೊಪ್ಪು, ಮದ್ಯ ಪೂರ್ತಿ ನಿಲ್ಲಲಿ; ಗಂಡನ ಬೀಡಿ ಮನೆಯ ಹೊರಗೆ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು. ಗಟ್ಟಿ ಡಿಕಾಕ್ಷನ್ ಆದರೆ ಎರಡು ಸಣ್ಣ ಲೋಟಕ್ಕೇ ಆ ಲೆಕ್ಕ ಮುಗಿಯಬಹುದು, ಟೀಯನ್ನೂ ಅದರಲ್ಲೇ ಸೇರಿಸಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಇಂದೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಬಸ್ ಪ್ರಯಾಣ, ಕಂಪ್ಯೂಟರ್, ಮೆಟ್ಟಿಲು, ಚೆನ್ನಾಗಿ ಹಣ್ಣಾದ ಪಪ್ಪಾಯಿ ಇವುಗಳಿಗೆ ಹೆದರಬೇಕಿಲ್ಲ.

ಎರಡು ಗಂಟೆಯುದ್ದಕ್ಕೂ ಗಂಟೆಗೊಂದು ಪ್ಯಾಡ್ ತೊಯ್ದರೆ, ಹೊಟ್ಟೆಯ ಒಂದು ಪಕ್ಕ ಅಥವಾ ಭುಜದ ತುದಿ ನೋಯುತ್ತಿದ್ದರೆ, ತಲೆ ತಿರುಗಿ ಬಿದ್ದರೆ 108ಕ್ಕೆ ಕರೆ ಮಾಡಿ. ಗರ್ಭ ಉಳಿಯದಿದ್ದರೆ ಮರುದಿನದಿಂದ 6 ವಾರ ಸಂಬಳ ಸಹಿತ ರಜೆಗೆ ಕಾನೂನಿನಲ್ಲಿ ಅವಕಾಶವಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಹೊಟ್ಟೆನೋವು’ ಎಂದು ಬರೆಸಿಕೊಳ್ಳಬೇಡಿ. ಗರ್ಭಪಾತವೆಂದೇ, ದಿನಾಂಕ ಸಮೇತ ಬರೆಸಿಕೊಳ್ಳಿ.